ಕೊಕ್ಕರಿ ವಿಮಾನದ ದರ್ಜಿ

ಪೇಶಾವರ
೧೪ ಸೆಪ್ಟೆಂಬರ್ ೧೯೪೧

ಕಮರಿಪೇಟೆಯ ಚನ್ನಬಸವ್ವ ಅವ್ವನವರಿಗೆ, ಹಿತ್ತಲ ಓಣಿಯ ದರ್ಜಿ ಮಲ್ಲಿಕಸಾಬರ ಮಗ ಬಂದೇನವಾಜನ ಸಲಾಮು.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನೀವು ನನ್ನ ಕಿವಿ ಹಿಂಡಿ ಹೇಳಿದ್ದು ಮರೆತಿಲ್ಲ. "ನನ್ನ ಮಗ ಮೈಗಳ್ಳ, ಅಂವ ಬರಿಯೂದಿಲ್ಲ. ನೀ ಬರಿ. ಪಡಸಾಲ್ಯಾಗ ಕುಂಡ್ರಿಸಿ ನಿನಗ ಅಕ್ಷರ ತಿದ್ದಿಸಿದಾಕಿ ನಾನು" ಎಂದಿರಿ. ಆ ಋಣಕ್ಕೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅಲ್ಲಿಂದಲೇ ಬೈಯಿರಿ.

ನಿಮ್ಮ ಮಗ ಗುರುಶಿದ್ದಪ್ಪ ಆರಾಮ ಇದ್ದಾನೆ. ಜೋಳದ ರೊಟ್ಟಿ ಇಲ್ಲ ಎಂಬುದೊಂದೇ ಅವನ ಗೋಳು. ದೇವರ ದಯೆಯಿಂದ ಇಬ್ಬರೂ ಒಂದೇ ವಿಮಾನಕ್ಕೆ ಬಿದ್ದಿದ್ದೇವೆ. ಅವನು ಅದರಲ್ಲಿ ಹಾರುವವನು, ನಾನು ನೆಲದ ಮೇಲೆ ಅದನ್ನು ಸಂಭಾಳಿಸುವವನು.

ವಿಮಾನ ಅಂದರೆ ನೀವು ಭಾರಿ ಏನೋ ಎಂದುಕೊಂಡಿರಬೇಕು. ಇದು ಹಗುರಾದದ್ದು. ಕಾದಾಡಲಿಕ್ಕೆ ಮಾಡಿದ್ದಲ್ಲ, ನೋಡಿಕೊಂಡು ಬರಲಿಕ್ಕೆ ಮಾಡಿದ್ದು. ಲೈಸಾಂಡರ್ ಎಂದು ಹೆಸರು. ರೆಕ್ಕೆ ಕೂತವರ ತಲೆಯ ಮೇಲೆ ಬರುತ್ತದೆ, ಹಾಗಾಗಿ ಕೆಳಗಿನ ಗುಡ್ಡ, ಹಳ್ಳ, ಮಂದಿ ಎಲ್ಲ ಅಡ್ಡಿಯಿಲ್ಲದೆ ಕಾಣುತ್ತದೆ. ಕಾಲು ಉದ್ದ, ಹಾರುವಾಗಲೂ ಮಡಚುವುದಿಲ್ಲ. ಸಣ್ಣ ಹೊಲದಷ್ಟು ಜಾಗ ಸಿಕ್ಕರೂ ಇಳಿಯುತ್ತದೆ. ಗುರು ಮೊದಲ ಸಲ ಕಂಡಾಗ "ಏ, ಇದು ನಮ್ಮ ಉಣಕಲ್ ಕೆರಿ ಕೊಕ್ಕರಿ!" ಎಂದ. ಈಗ ನಮ್ಮ ಪಂಜಾಬಿ ಪೈಲಟ್ ಸಾಹೇಬರೂ ಕೊಕ್ಕರಿ ಎನ್ನುವುದನ್ನು ಕಲಿತಿದ್ದಾರೆ.

ಅದರ ರೆಕ್ಕೆ ಮತ್ತು ಹಿಂದಿನ ಮೈ ಬಟ್ಟೆಯದು. ಲೋಹದ ಎಲುಬಿನ ಮೇಲೆ ಬಟ್ಟೆ ಬಿಗಿದು, ಹೊಲಿದು, ಡೋಪ್ ಎನ್ನುವ ದ್ರಾವಣ ಬಳಿಯುತ್ತೇವೆ. ಒಣಗಿದ ಮೇಲೆ ಬಾರಿಸುವ ಹಲಗೆಯ ಚರ್ಮದ ಹಾಗೆ ಬಿಗಿಯಾಗುತ್ತದೆ. ಸೇರುವಾಗ ದರ್ಜಿ ಎಂದು ಬರೆಸಿದ್ದೆ, ಸಾಹೇಬರ ಚೊಣ್ಣ ಹೊಲಿಯಲು ಹಾಕುತ್ತಾರೆ ಎಂದುಕೊಂಡಿದ್ದೆ. ವಿಮಾನ ಹೊಲಿಯಲು ಹಾಕಿದರು! ಅಪ್ಪನಿಗೆ ಹೇಳಿ ನೋಡಿ, ನಂಬಲಿಕ್ಕಿಲ್ಲ. ನಿಮ್ಮ ಯಜಮಾನರಿಗೆ, ಅರಳೆ ವ್ಯಾಪಾರದ ಮುರುಗೆಪ್ಪ ಕಾಕಾ ಅವರಿಗೆ ಮಾತ್ರ ಬೇಸರದ ಸುದ್ದಿ. ಬಟ್ಟೆ ಅರಳೆಯದಲ್ಲ, ಅಗಸೆ ನಾರಿನದು.

ನಿಮ್ಮ
ಬಂದೇನವಾಜ


ಹುಬ್ಬಳ್ಳಿ, ಕಮರಿಪೇಟೆ
೬ ಅಕ್ಟೋಬರ್ ೧೯೪೧

ಬಂದೇನವಾಜನಿಗೆ ಚನ್ನಬಸವ್ವನ ಆಶೀರ್ವಾದ.

ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಆದರೂ ಬರೆದೆಯಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಅಷ್ಟೂ ಆಗಲಿಲ್ಲ.

ಪತ್ರವನ್ನು ಪಡಸಾಲೆಯಲ್ಲಿ ಬೇಕೆಂದೇ ಜೋರಾಗಿ ಓದಿದೆ. ಇವರು ಅರಳೆಯ ಮಾದರಿಯನ್ನು ಬೆರಳಿನಲ್ಲಿ ಹಿಂಜುತ್ತ, ಕಿವಿ ಕೇಳದವರ ಹಾಗೆ ಕೂತಿದ್ದರು. ಅಗಸೆ ನಾರು ಎಂಬಲ್ಲಿಗೆ ಬಂದಾಗ "ಅರಳಿ ಇದ್ದಿದ್ರ ಛಲೋ ಇತ್ತು" ಎಂದರು. ಅಂದರೆ ಸಲಾಮಿನಿಂದ ಹಿಡಿದು ಎಲ್ಲ ಕೇಳಿಸಿಕೊಂಡಿದ್ದಾರೆ. ಅಡತಿ ಅಂಗಡಿ ನಡೆಸಬೇಕಾದ ಒಬ್ಬನೇ ಮಗ ಒಂದು ಮಾತೂ ಹೇಳದೆ ಸೈನ್ಯಕ್ಕೆ ಹೆಸರು ಕೊಟ್ಟದ್ದು ಅವರಿಗೆ ಇನ್ನೂ ನುಂಗಲಾಗಿಲ್ಲ. ಅವನ ಹೆಸರು ಎತ್ತುವುದಿಲ್ಲ. ಆದರೆ ಟಪಾಲಿನವನು ಓಣಿಗೆ ಬರುವ ಹೊತ್ತಿಗೆ ಸರಿಯಾಗಿ ಕಟ್ಟೆಯ ಮೇಲೆ ಬಂದು ಕೂಡುತ್ತಾರೆ.

ನಿನ್ನನ್ನು ಒಂದು ಕೇಳಬೇಕು, ಸುತ್ತಿ ಬಳಸಿ ಹೇಳಬೇಡ. ಗುರುವಿನ ಎದೆಯ ಮೇಲೆ ಲಿಂಗ ಇದೆಯೋ ಇಲ್ಲವೋ? ನಿಮ್ಮ ಮಿಲಿಟರಿಯಲ್ಲಿ ಅಂಗಿ ಕಳೆ, ಅದನ್ನು ಬಿಚ್ಚು, ಇದನ್ನು ಹಾಕು ಎನ್ನುತ್ತಾರಂತೆ. ಒಮ್ಮೆ ಕಟ್ಟಿದ ಲಿಂಗ ಉಸಿರಿರುವ ತನಕ ಮೈ ಬಿಡಬಾರದು. ಹೋದ ಮೇಲೂ ಬಿಡಬಾರದು. ಕೂರಿಸಿ ಮಣ್ಣು ಕೊಡುವಾಗ ಎಡ ಅಂಗೈಯಲ್ಲಿ ಅದೇ ಇರಬೇಕು. ನಮ್ಮ ಮಾವನವರ ಮಣ್ಣಿಗೆ ನೀನೂ ಬಂದಿದ್ದೆ. ಗುರುವೂ ನೀನೂ ಹುಣಸೆಯ ಮರಕ್ಕೆ ಆತು ನಿಂತು ನೋಡಿದ್ದು ನನಗೆ ನೆನಪಿದೆ. ಹಾಗಾಗಿ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವನು ಪೂಜೆ ಮಾಡಿ ಉಣ್ಣುತ್ತಾನೋ, ಹಾಗೇ ನುಂಗುತ್ತಾನೋ, ಬರೆ. ಅವನು ವಿಮಾನದಲ್ಲಿ ಎಲ್ಲಿ ಕೂಡುತ್ತಾನೆ ಎಂಬುದನ್ನೂ ಬರೆ. ಕಣ್ಣು ಮುಚ್ಚಿದರೆ ಕಾಣಬೇಕಲ್ಲ.

ಚನ್ನಬಸವ್ವ


ಪೇಶಾವರ
೨ ನವೆಂಬರ್ ೧೯೪೧

ಅವ್ವನವರಿಗೆ ಸಲಾಮು.

ಗುರು ಹಿಂದಿನ ಸೀಟಿನಲ್ಲಿ, ಬಾಲದ ಕಡೆ ಮುಖ ಮಾಡಿ, ಬಂದೂಕು ಹಿಡಿದು ಕೂಡುತ್ತಾನೆ. ಪೈಲಟ್ ಮುಂದೆ ನೋಡುತ್ತಾರೆ, ಇವನು ಹಿಂದೆ ಯಾರೂ ಬೆನ್ನು ಹತ್ತದ ಹಾಗೆ ನೋಡಿಕೊಳ್ಳಬೇಕು. "ಎತ್ತಿನ ಗಾಡಿ ಹಿಂದ ಕಾಲ ಇಳೆಬಿಟ್ಟು ಕುಂತಂಗ ಆಗತೈತಿ" ಎನ್ನುತ್ತಾನೆ. ಕೆಳಗಿರುವ ಠಾಣೆಗಳಿಗೆ ಚೀಲದಲ್ಲಿ ಸುದ್ದಿ ಹಾಕಿ ಎಸೆಯುತ್ತಾರೆ. ಅಲ್ಲಿಂದ ಬರಬೇಕಾದ ಸುದ್ದಿಯ ಚೀಲವನ್ನು ಎರಡು ಬಿದಿರು ಗಳುಗಳ ನಡುವೆ ಹಗ್ಗಕ್ಕೆ ಕಟ್ಟಿರುತ್ತಾರೆ. ಕೊಕ್ಕರಿ ಕೆಳಗೆ ಇಳಿದು, ಹೊಟ್ಟೆಯ ಕೊಕ್ಕೆಯಿಂದ ಅದನ್ನು ಎತ್ತಿಕೊಂಡು ಹಾಗೇ ಮೇಲೇರುತ್ತದೆ. ಒಂದು ದಿನ ಚೀಲದ ಜೊತೆಗೆ ಯಾರದೋ ಒಣಹಾಕಿದ ಪಾಯಿಜಾಮವೂ ಬಂತು. ಗುರು ಅದನ್ನು ಮಡಚಿ, ಮರುದಿನ ಸುದ್ದಿಯ ಚೀಲದೊಳಗೆ ಇಟ್ಟು ವಾಪಸು ಎಸೆದ.

ನೀವು ಕೇಳಿದ ಮಾತಿಗೆ ಉತ್ತರ. ಗುರು ದಿನಾ ಬೆಳಿಗ್ಗೆ ತಣ್ಣೀರಲ್ಲಿ ಮಿಂದು ಪೂಜೆ ಮಾಡಿಯೇ ಬಾಯಿಗೆ ಚಹಾ ಹಾಕುವುದು. ಬಿಲ್ವಪತ್ರಿ ಸಿಗುವುದಿಲ್ಲ, ಸಿಕ್ಕ ಎಲೆ ಏರಿಸುತ್ತಾನೆ. ಲಿಂಗ ಪೆಟ್ಟಿಗೆಯಲ್ಲಾಗಲಿ, ಗೂಟದ ಮೇಲಾಗಲಿ ಒಂದು ಗಳಿಗೆಯೂ ಇದ್ದದ್ದಿಲ್ಲ. ಕಟ್ಟಿದ ಶಿವದಾರ ಕೊಳ್ಳಿನ ಮೇಲೆಯೇ ಇರುತ್ತದೆ. ಇದು ನನ್ನ ಮಾತು.

ಕಾಕಾ ಅವರು ಒಂದು ಸಾಲು ಬರೆದರೆ ಗುರುವಿಗೆ ಹಬ್ಬ ಆಗುತ್ತದೆ. ಅವನು ಬಾಯಿ ಬಿಟ್ಟು ಹೇಳುವುದಿಲ್ಲ. ಟಪಾಲು ಹಂಚುವಾಗ ಮುಂದೆ ಬಂದು ನಿಲ್ಲುತ್ತಾನೆ ಅಷ್ಟೇ.

ಬಂದೇನವಾಜ


ಹುಬ್ಬಳ್ಳಿ
೨೯ ಡಿಸೆಂಬರ್ ೧೯೪೧

ಬಂದೇನವಾಜನಿಗೆ,

ಜಪಾನಿನವರೂ ಯುದ್ಧಕ್ಕೆ ಇಳಿದರು ಎಂದು ಇಲ್ಲಿ ಮಂದಿಯೆಲ್ಲ ಪಂಡಿತರಾಗಿದ್ದಾರೆ. ದುರ್ಗದಬೈಲಿನಲ್ಲಿ ಕಾಯಿಪಲ್ಲೆ ಮಾರುವವಳು ನನಗೆ ಸಿಂಗಾಪುರ ಎಲ್ಲಿದೆ ಎಂದು ಹೇಳಿಕೊಟ್ಟಳು. ಸ್ಟೇಷನ್ನಿನಲ್ಲಿ ಸಿಪಾಯಿಗಳ ಗಾಡಿಗಳು ಬರುತ್ತವೆ, ಹೋಗುತ್ತವೆ. ನಿಮ್ಮವ್ವ ಮದೀನಾಬಿಯೂ ನಾನೂ ಒಂದು ದಿನ ಹೋಗಿ ನಿಂತಿದ್ದೆವು. ಯಾಕೆ ಎಂದು ಕೇಳಬೇಡ. ನಿಮ್ಮಿಬ್ಬರ ಮುಖ ಅಲ್ಲಿ ಇರುವುದಿಲ್ಲ ಎಂದು ಗೊತ್ತಿದ್ದೇ ಹೋದೆವು.

ನಿಮ್ಮದು ನೋಡಿಕೊಂಡು ಬರುವ ವಿಮಾನ ತಾನೆ? ನೋಡಿಕೊಂಡು ಬರಲಿ. ದೂರದಿಂದ ನೋಡಲಿ.

ಶಿವಗಂಗೆಯ ವಿಭೂತಿ ಗಟ್ಟಿ ಕಳಿಸಿದ್ದೇನೆ. ಕಳಿಸಿದವಳು ನಾನು ಎಂದು ಬರೆದಿದೆ. ಪೇಟೆಗೆ ಹೋಗಿ ಆರಿಸಿ ತಂದು, ಅರಳೆ ಸುತ್ತಿ, ಚೀಲ ಹೊಲಿಸಿ ನನ್ನ ಮುಂದೆ ಇಟ್ಟವರು ಇವರು. ಮಗನಿಗೆ ಹೇಳು. ಇವರಿಗೆ ನಾನು ಹೇಳಿದೆ ಎಂದು ಗೊತ್ತಾಗಬಾರದು.

ಲಿಂಗದ ವಿಷಯ ನೀನು ಬರೆದದ್ದು ಓದಿ ಸಮಾಧಾನ ಆಯಿತು. ಅವನಿಗಿಂತ ನಿನ್ನ ಮಾತಿನ ಮೇಲೆ ನನಗೆ ಭರವಸೆ.

ಚನ್ನಬಸವ್ವ


ಎಲ್ಲಿಂದ ಎಂದು ಬರೆಯುವ ಹಾಗಿಲ್ಲ
೧೯ ಫೆಬ್ರುವರಿ ೧೯೪೨

ಅವ್ವನವರಿಗೆ ಸಲಾಮು.

ಈ ಪತ್ರವನ್ನು ನಡುವೆ ಒಬ್ಬರು ಒಡೆದು ಓದುತ್ತಾರೆ. ಕನ್ನಡ ಬಲ್ಲ ಆ ಪುಣ್ಯಾತ್ಮರಿಗೂ ನನ್ನ ಸಲಾಮು. ಸಮುದ್ರದ ಆಚೆ ಇದ್ದೇವೆ, ಭತ್ತದ ಗದ್ದೆಗಳ ಸೀಮೆ ಎಂದಷ್ಟೇ ಹೇಳಬಹುದು.

ಕೊಕ್ಕರಿಯ ಕೆಲಸ ಬದಲಾಗಿದೆ. ನೋಡಿಕೊಂಡು ಬಂದರೆ ಸಾಲದು ಎಂದು ಅದರ ಕಾಲಿಗೆ ಬಾಂಬು ತೂಗುಹಾಕಿದ್ದಾರೆ. ನಿಧಾನದ ಪ್ರಾಣಿ. ವೈರಿಯ ವಿಮಾನಗಳು ಜಿಗಿದು ಬರುತ್ತವೆ, ಇದು ಮರಗಳ ತಲೆಗೆ ತಾಗುವ ಹಾಗೆ ತಗ್ಗಿನಲ್ಲಿ ಹೊರಳಾಡಿ ತಪ್ಪಿಸಿಕೊಂಡು ಬರುತ್ತದೆ. ಬಂದಾಗ ಮೈ ತುಂಬ ತೂತು. ನಾನು ಕೂತು ತೇಪೆ ಹಾಕುತ್ತೇನೆ, ಡೋಪ್ ಬಳಿಯುತ್ತೇನೆ, ಒಣಗಿದ ಕೂಡಲೇ ಮತ್ತೆ ಹೊರಡುತ್ತದೆ. ಗುರು ಪಕ್ಕದಲ್ಲಿ ನಿಂತು ಟೀಕೆ ಮಾಡುತ್ತಾನೆ. "ಬಂದ್ಯಾ, ಕೌದಿ ಹೊಲದಂಗ ಹೊಲ್ಯಾಕತ್ತೀಯಲ್ಲೊ, ಸ್ವಲ್ಪ ಅಂಚು ಕೂಡಿಸು."

ವಿಭೂತಿ ಮುಟ್ಟಿದೆ. ಯಾರು ಆರಿಸಿದರು ಎಂದು ಹೇಳಿದೆ. ಅವನು ಸುತ್ತಿದ ಅರಳೆಯನ್ನು ಬಿಡಿಸಿ, ಬೆರಳಲ್ಲಿ ಎಳೆ ತೆಗೆದು ನೋಡಿ, "ಇದು ನಮ್ಮ ಅಂಗಡಿ ಮಾಲ ಅಲ್ಲ, ಇದಕ್ಕಿಂತ ಛಲೋದು. ಅಪ್ಪ ಹೊರಗ ಕೊಂಡು ತಂದಾನ" ಎಂದ.

ನೀವು ಚಿಂತೆ ಮಾಡಬೇಡಿ. ಹೊಲಿಯುವವನು ನಾನು ಇದ್ದೇನೆ.

ಬಂದೇನವಾಜ


೨೨ ಮಾರ್ಚ್ ೧೯೪೨

ಅವ್ವನವರಿಗೆ,

ತಾರು ನಿಮಗೆ ಮುಟ್ಟಿದೆ ಎಂದು ಸಾಹೇಬರು ಹೇಳಿದರು. ತಾರಿನಲ್ಲಿ ಏನೂ ಇರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಗುರು ಹಾರಾಟದಲ್ಲಿಯೇ ಹೋದ. ಗುಂಡು ಪಕ್ಕದಿಂದ ಬಂದಿತ್ತು. ನೋಯಲು ಹೊತ್ತೇ ಇರಲಿಲ್ಲ ಎಂದು ಪೈಲಟ್ ಸಾಹೇಬರು ಆಣೆ ಮಾಡಿ ಹೇಳಿದರು. ವಿಮಾನ ಅವನನ್ನು ಹೊತ್ತುಕೊಂಡು ನೆಟ್ಟಗೆ ಬಂದು ಇಳಿಯಿತು.

ನೀವು ಮೊದಲು ಕೇಳುವುದು ಯಾವುದು ಎಂದು ನನಗೆ ಗೊತ್ತಿದೆ. ಅವನನ್ನು ಕೂರಿಸಿ ಮಣ್ಣು ಕೊಟ್ಟೆವು. ಒಂದು ದೊಡ್ಡ ಮರದ ಕೆಳಗೆ ಕುಣಿ ತೋಡಿದೆವು. ಮೈ ಒರೆಸಿ, ಕಾಕಾ ಅವರು ಕಳಿಸಿದ ವಿಭೂತಿಯನ್ನು ಹಣೆಗೆ, ತೋಳಿಗೆ ಹಚ್ಚಿದೆ. ವಿಮಾನಕ್ಕೆಂದು ಇಟ್ಟಿದ್ದ ಹೊಸ ಬಟ್ಟೆ ಸುತ್ತಿದೆವು. ಎಡ ಅಂಗೈಯಲ್ಲಿ ಲಿಂಗವನ್ನು ನಾನೇ ಇಟ್ಟು ಬೆರಳು ಮುಚ್ಚಿದೆ. ವಿಧಿ ಮಾಡಿಸುವ ಮಠದ ಅಯ್ಯನವರು ಅಲ್ಲಿ ಯಾರೂ ಇರಲಿಲ್ಲ. ಯಾವ ದಿಕ್ಕಿಗೆ ಮುಖ ಮಾಡಬೇಕು ಎಂದು ನನಗೆ ಹೊಳೆಯಲಿಲ್ಲ, ನಮ್ಮ ಊರಿನ ಕಡೆ ಮಾಡಿದೆ. ತಪ್ಪಾಗಿದ್ದರೆ ನನ್ನ ಮೇಲೆ ಇರಲಿ.

ನಾವು ಇಲ್ಲಿಂದ ಹಿಂದೆ ಸರಿಯುತ್ತಿದ್ದೇವೆ. ಬಹಳ ಬರೆಯಲಾರೆ.

ಬಂದೇನವಾಜ


ಹುಬ್ಬಳ್ಳಿ
೧೮ ಏಪ್ರಿಲ್ ೧೯೪೨

ಮಗನೇ ಬಂದೇನವಾಜ,

ನಿನ್ನ ಪತ್ರ ಬರುವ ತನಕ ಮನೆಯಲ್ಲಿ ಒಲೆ ಹೊತ್ತಿಸಿದವರು ಓಣಿಯ ಮಂದಿ. ಬಂದವರೆಲ್ಲ ಅತ್ತರು. ನನ್ನನ್ನು ಅಳಿಸಲು ಒದ್ದಾಡಿದರು. ಗುರುವಿನ ಹೆಂಗರುಳಿನ ಸೋದರತ್ತೆ ಮುರಿಗೆವ್ವ "ಅಳು ನಮ್ಮವ್ವಾ, ಎದಿ ಒಡದೀತು" ಎಂದು ನನ್ನ ಬೆನ್ನಿಗೆ ಗುದ್ದಿದಳು. ನನಗೆ ಒಂದೇ ಯೋಚನೆ ಹತ್ತಿತ್ತು, ಅವನನ್ನು ಏನು ಮಾಡಿದರೋ, ಎಲ್ಲಿ ಬಿಟ್ಟರೋ ಎಂದು.

ನಿನ್ನ ಪತ್ರವನ್ನು ಇವರಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಎಂದರು. ವಿಭೂತಿಯ ಮಾತು ಬಂದಾಗ ಎದ್ದು ಹೋಗಿ ಹಿತ್ತಲಲ್ಲಿ ನಿಂತರು.

ನಿನಗೆ ಒಂದು ಮಾತು ಹೇಳಲೇ? ಓದುವಾಗ ನನ್ನ ಮನಸ್ಸು ಒಮ್ಮೆ ಅನುಮಾನ ಪಟ್ಟಿತು. ತಾಯಿಯನ್ನು ಸಮಾಧಾನ ಮಾಡಲು ಮಂದಿ ಏನೇನೋ ಬರೆಯುತ್ತಾರೆ. ಆದರೆ ದಿಕ್ಕು ಹೊಳೆಯದೆ ಊರ ಕಡೆ ಮುಖ ಮಾಡಿದೆ ಎಂದು ಬರೆದಿದ್ದೀಯಲ್ಲ, ಅಲ್ಲಿ ನನಗೆ ನಂಬಿಕೆ ಬಂತು. ಸುಳ್ಳು ಬರೆಯುವವನು ಎಲ್ಲವನ್ನೂ ಸರಿಯಾಗಿ ಮಾಡಿದೆ ಎಂದು ಬರೆಯುತ್ತಿದ್ದ. ನೀನು ಮಾಡಿದ್ದು ತಪ್ಪಲ್ಲ. ಅವನು ಊರ ಕಡೆ ನೋಡಲಿ.

ಒಬ್ಬ ಮುಸಲ್ಮಾನರ ಹುಡುಗ ಅಯ್ಯನವರು ಮಾಡುವ ಕೆಲಸ ಮಾಡಿದ ಎಂದು ನಮ್ಮವರಲ್ಲಿ ಒಬ್ಬಿಬ್ಬರು ಮೂಗು ಮುರಿದರು. ಅವರಿಗೆ ಚಹಾ ಕೊಡದೆ ಕಳಿಸಿದೆ.

ಆ ಮರ ಯಾವುದು? ಕುಣಿ ಆಳ ಇತ್ತೋ? ಮಳೆಗೆ ಮಣ್ಣು ಕುಸಿಯುವುದಿಲ್ಲ ತಾನೆ? ಇಷ್ಟು ಬರೆ. ಇನ್ನೇನೂ ಕೇಳುವುದಿಲ್ಲ.

ಚನ್ನಬಸವ್ವ


ಹಿಂದುಸ್ತಾನದ ನೆಲದಿಂದ
೧೧ ಜೂನ್ ೧೯೪೨

ಅವ್ವನವರಿಗೆ ಸಲಾಮು.

ತಡವಾಯಿತು. ಮಲೇರಿಯಾ ಬಂದಿತ್ತು.

ಮರ ಹುಣಸೆಯದು. ಕುಣಿ ಆಳ ಇತ್ತು. ಮಣ್ಣು ಗಟ್ಟಿ.

ಕೊಕ್ಕರಿಯೂ ವಾಪಸು ಬಂದಿದೆ. ಅದಕ್ಕೆ ಇನ್ನು ಯುದ್ಧ ಇಲ್ಲ. ಹಿಂದೆ ಒಂದು ಉದ್ದನೆಯ ಬಟ್ಟೆಯ ಚೀಲ ಕಟ್ಟಿ ಎಳೆಸುತ್ತಾರೆ, ಹೊಸ ಹುಡುಗರು ಅದಕ್ಕೆ ಗುರಿ ಇಟ್ಟು ಗುಂಡು ಹೊಡೆಯುವುದನ್ನು ಕಲಿಯುತ್ತಾರೆ. ಆ ಚೀಲದ ತೂತು ಹೊಲಿಯುವುದೂ ನನ್ನ ಪಾಲಿಗೇ ಬಂದಿದೆ.

ಅಪ್ಪನಿಗೂ ಅವ್ವನಿಗೂ ನಾನು ಆರಾಮ ಎಂದು ಹೇಳಿರಿ. ರಜೆ ಕೇಳಿಲ್ಲ. ಈಗ ಬರುವ ಮನಸ್ಸಿಲ್ಲ.

ಬಂದೇನವಾಜ


ಹುಬ್ಬಳ್ಳಿ
೩೦ ಆಗಸ್ಟ್ ೧೯೪೨

ಬಂದೇನವಾಜನಿಗೆ,

ಊರಲ್ಲಿ ಚಳವಳಿಯ ಗದ್ದಲ. ಟಪಾಲು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದಕ್ಕೆ ನೇಮವಿಲ್ಲ. ಈ ಪತ್ರ ನಿನ್ನನ್ನು ಮುಟ್ಟಲೇಬೇಕು.

ಹೋದ ವಾರ ಗುರುವಿನ ಸಾಮಾನಿನ ಗಂಟು ಬಂತು. ಅಂಗಿ, ಹಜಾಮತಿಯ ಸಾಮಾನು, ಅರ್ಧ ಉಳಿದ ವಿಭೂತಿ ಗಟ್ಟಿ. ಜೊತೆಗೆ ದೊಡ್ಡ ಸಾಹೇಬರ ಇಂಗ್ಲಿಷ್ ಪತ್ರ. ನಿಮ್ಮ ಓಡಾಟದಲ್ಲಿ ಎಲ್ಲಿ ಕೂತಿತ್ತೋ, ಈಗ ಬಂದಿದೆ. ಇವರು ಅಂಗಡಿಯಲ್ಲಿದ್ದರು. ಕೇಶ್ವಾಪುರದ ರಮಾಕಾಂತ ಮಾಸ್ತರರನ್ನು ಕರೆಸಿ ಓದಿಸಿದೆ. ಅವರು ಓದುತ್ತ ಓದುತ್ತ ನಿಂತರು.

"ಯಾಕ ನಿಂತ್ರಿ?" ಎಂದೆ.

"ಅಕ್ಕಾವ್ರ, ಹಿಂದೂ ಪದ್ಧತಿ ಪ್ರಕಾರ ಗೌರವದಿಂದ ದಹನ ಮಾಡಿದಿವಿ ಅಂತ ಬರದಾರ್ರಿ."

"ದಹನ ಅಂದ್ರ?" ನನಗೆ ಅರ್ಥ ಗೊತ್ತಿತ್ತು. ಆದರೂ ಕೇಳಿದೆ.

"ಸುಟ್ಟಾರ್ರಿ."

ಮಾಸ್ತರರ ತಪ್ಪೇನು, ಪಾಪ. ಬರೆದವರೂ ಒಳ್ಳೆಯ ಮಾತನ್ನೇ ಬರೆದಿದ್ದಾರೆ, ನಿಮ್ಮ ಧರ್ಮಕ್ಕೆ ಕುಂದು ಬರದ ಹಾಗೆ ಮಾಡಿದೆವು ಎಂದು. ನಮ್ಮಲ್ಲಿ ಕುಳಿತು ಮಣ್ಣಿಗೆ ಹೋಗುತ್ತಾರೆ ಎಂಬುದು ಅವರಿಗೆ ಹೇಗೆ ಗೊತ್ತಿರಬೇಕು? ಗೊತ್ತಿದ್ದವನು ಅಲ್ಲಿ ಒಬ್ಬನೇ ಇದ್ದ.

ಸಂಜೆ ಇವರು ಬಂದ ಮೇಲೆ ಮಾಸ್ತರರಿಂದ ಮತ್ತೆ ಓದಿಸಿದೆ. ಮಣ್ಣು ಕೊಟ್ಟರು ಎಂದು ಓದ್ರಿ ಎಂದು ಮೊದಲೇ ತಾಕೀತು ಮಾಡಿದ್ದೆ. ಆ ಸತ್ಯವಂತ ಮನುಷ್ಯ ಬೆವರು ಒರೆಸಿಕೊಳ್ಳುತ್ತ ಹಾಗೇ ಓದಿದರು. ನಿನ್ನ ಸುಳ್ಳಿಗೆ ಈಗ ನಾನೂ ಮಾಸ್ತರರೂ ಪಾಲುಗಾರರು.

ಗಂಟಿನಲ್ಲಿ ಲಿಂಗ ಇಲ್ಲ. ಬೆಂಕಿಯಲ್ಲಿ ಹೋಯಿತೇ? ಎಲ್ಲಾದರೂ ಬಿತ್ತೇ? ಯಾರ ಕಾಲ ಕೆಳಗೆ ಬಿತ್ತು? ನನಗೆ ಊಟ ಸೇರುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆ. ನಾನು ಸಾಯುವುದಿಲ್ಲ. ಸಾಯುವುದಿದ್ದರೆ ಮಾರ್ಚಿನಲ್ಲೇ ಸಾಯುತ್ತಿದ್ದೆ.

ಚನ್ನಬಸವ್ವ


೧೭ ಸೆಪ್ಟೆಂಬರ್ ೧೯೪೨

ಅವ್ವನವರಿಗೆ,

ಲಿಂಗ ನನ್ನ ಕೊಳ್ಳಲ್ಲಿದೆ.

ಮೊದಲಿನಿಂದ ಹೇಳುತ್ತೇನೆ. ಹಾರುವವರು ಎದೆಯ ಮೇಲೆ ಒಂದು ಚೀಲವನ್ನು ಕೊಂಡಿ ಹಾಕಿ ಬಿಗಿದುಕೊಳ್ಳಬೇಕು, ವಿಮಾನ ಬಿದ್ದರೆ ಛತ್ರಿಯ ಹಾಗೆ ಬಿಚ್ಚಿಕೊಂಡು ಇಳಿಸುವಂಥದ್ದು. ಅದು ಸರಿಯಾಗಿ ಲಿಂಗದ ಬೆಳ್ಳಿಯ ಕರಡಿಗೆಯ ಮೇಲೆ ಕೂಡುತ್ತಿತ್ತು. ವಿಮಾನ ಹೊರಳಿದಾಗಲೆಲ್ಲ ಎದೆಗೆ ಒತ್ತಿ ಗಾಯವಾಯಿತು, ಕೀವು ತುಂಬಿತು. ಡಾಕ್ಟರರು ತೆಗೆದಿಡು ಎಂದರು. ಗುರು ಪೇಶಾವರದಲ್ಲಿ ಒಂದು ಬೆಳಿಗ್ಗೆ ನನ್ನ ಹತ್ತಿರ ಬಂದ. "ಬಂದ್ಯಾ, ಇದನ್ನ ಪೆಟಿಗ್ಯಾಗ ಇಡಾಕ ಮನಸ ಬರೂದಿಲ್ಲೊ. ಮೈಮ್ಯಾಲ ಇರಬೇಕು ಅಂತ ಅವ್ವ ಹೇಳ್ಯಾಳ. ಯಾರ ಮೈ ಅಂತ ಹೇಳಿಲ್ಲ. ನಾ ಇಳಿಯೂ ತನಕ ನೀ ಹಾಕ್ಕೊ" ಎಂದು ನಕ್ಕ. ನಗುತ್ತಿದ್ದರೂ ಕೈ ಬಿಗಿಯಾಗಿತ್ತು. ಅಂದಿನಿಂದ ಅವನು ಹಾರುವಾಗ ನನ್ನ ಕೊಳ್ಳಲ್ಲಿ, ಇಳಿದ ಮೇಲೆ ಅವನ ಕೊಳ್ಳಲ್ಲಿ. ನೀವು ಕೇಳಿದಾಗ ಕೊಳ್ಳಿನ ಮೇಲೆಯೇ ಇರುತ್ತದೆ ಎಂದು ಬರೆದೆ. ಯಾರ ಕೊಳ್ಳು ಎಂದು ಬರೆಯಲಿಲ್ಲ.

ಆ ದಿನ ವಿಮಾನ ಇಳಿದಾಗ ನಾನು ಎಂದಿನ ಹಾಗೆ ಶಿವದಾರ ತೆಗೆದು ಕೈಯಲ್ಲಿ ಹಿಡಿದು ಓಡಿದೆ. ಅವನು ಸೀಟಿನಲ್ಲಿ ತಲೆ ಬಾಗಿಸಿದ್ದ. ಗುಂಡು ನಾನೇ ಹೊಲಿದಿದ್ದ ಬಟ್ಟೆಯೊಳಗಿಂದ ಬಂದಿತ್ತು. ಅವ್ವಾ, ಬಟ್ಟೆ ಗುಂಡು ತಡೆಯುವುದಿಲ್ಲ. ನನಗೆ ಅದು ಮೊದಲೂ ಗೊತ್ತಿತ್ತು. ಆದರೂ ಹೊಲಿಯುವವನು ನಾನು ಇದ್ದೇನೆ ಎಂದು ನಿಮಗೆ ಬರೆದಿದ್ದೆ.

ಅವನನ್ನು ಎತ್ತಿಕೊಂಡು ಹೋದರು. ವೈರಿಯ ಪಡೆ ಹತ್ತಿರ ಬಂದಿತ್ತು, ಅಂದೇ ಆ ಜಾಗ ಬಿಡಬೇಕಾಗಿತ್ತು. ಹಿಂದಿನ ಸೀಟು ತೊಳೆದು, ತೂತಿಗೆ ತೇಪೆ ಹಾಕಿ ವಿಮಾನ ತಯಾರು ಮಾಡು ಎಂದು ನನಗೆ ಹುಕುಮು ಆಯಿತು. ತೊಳೆದೆ. ತೇಪೆ ಹಾಕಿದೆ. ಸಂಸ್ಕಾರ ಸಂಜೆಗೆ ಮಾಡುತ್ತಾರೆ, ಅಷ್ಟರಲ್ಲಿ ಹೋಗಿ ಹೇಳಿದರಾಯಿತು ಎಂದುಕೊಂಡ ದಡ್ಡ ನಾನು. ಡೋಪ್ ಒಣಗುತ್ತಿದ್ದಾಗ ಮರಗಳ ಆಚೆ ಹೊಗೆ ಕಂಡಿತು. ಓಡಿದೆ. "ಇವರಲ್ಲಿ ಸುಡುವುದಿಲ್ಲ ಸಾಹೇಬ, ಕೂರಿಸಬೇಕು" ಎಂದು ಕೂಗಿದೆ. ಸಾಹೇಬರು ಟೊಪ್ಪಿಗೆ ತೆಗೆದು ನಿಂತಿದ್ದರು. ನನ್ನ ಮಾತು ತಿಳಿದ ಮೇಲೆ ಅವರ ಮುಖ ಬಿಳಿಚಿತು. ಆಗ ಮಾಡಲು ಏನೂ ಉಳಿದಿರಲಿಲ್ಲ. ಲಿಂಗವನ್ನು ಅವನ ಹತ್ತಿರವೇ ಹಾಕಿಬಿಡೋಣ ಎಂದು ಕೈ ಎತ್ತಿದೆ. ಬೆಂಕಿಗೆ ಹಾಕುವುದು ನಿಮ್ಮ ಪದ್ಧತಿಯಲ್ಲ ಎಂದು ಇಳಿಸಿದೆ. ಬೂದಿ ಆರುವ ಮೊದಲೇ ನಮ್ಮನ್ನು ಲಾರಿಗೆ ಹತ್ತಿಸಿದರು.

ನಿಮ್ಮ ಮಾವನವರ ಮಣ್ಣಿನಲ್ಲಿ ಕಂಡದ್ದನ್ನೆಲ್ಲ ಆ ಪತ್ರದಲ್ಲಿ ಬರೆದೆ. ಹುಣಸೆಯ ಮರವೂ ನಿಮ್ಮ ರುದ್ರಭೂಮಿಯದೇ. ನೀವು ನಂಬಿದಿರಿ. ಅದಾದ ಮೇಲೆ ಲಿಂಗ ಕಳಿಸಿದರೆ ಸುಳ್ಳು ಬಯಲಾಗುತ್ತದೆ, ಇಟ್ಟುಕೊಂಡರೆ ನನಗೆ ಹಕ್ಕಿಲ್ಲ. ಕೊಳ್ಳಲ್ಲಿ ಹಾಕಿಕೊಂಡೇ ನಮಾಜು ಮಾಡುತ್ತಿದ್ದೇನೆ. ಇದು ಗೆಳೆಯ ನಂಬಿ ಕಾಪಾಡಲು ಕೊಟ್ಟ ಅಮಾನತು ಎಂದು ಅಲ್ಲಾಹನಿಗೆ ಹೇಳಿದ್ದೇನೆ. ನಿಮಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಬಂದೇನವಾಜ


೨೫ ಅಕ್ಟೋಬರ್ ೧೯೪೨

ಅವ್ವನವರಿಗೆ,

ನಿಮ್ಮಿಂದ ಉತ್ತರ ಇಲ್ಲ. ಬರಬೇಕೆಂದು ಕೇಳುವ ಬಾಯಿಯೂ ನನಗಿಲ್ಲ.

ಕೊಕ್ಕರಿಯನ್ನು ಸೇವೆಯಿಂದ ತೆಗೆದರು. ಎಂಜಿನ್ ಬಿಚ್ಚಿಕೊಂಡರು. ಬಟ್ಟೆ ಕಿತ್ತು ಹಾಕು ಎಂದು ನನ್ನ ಕೈಗೆ ಚೂರಿ ಕೊಟ್ಟರು. ರೆಕ್ಕೆಯ ಬಟ್ಟೆ ಕಿತ್ತೆ. ಹಿಂದಿನ ಸೀಟಿನ ಪಕ್ಕಕ್ಕೆ ಬಂದಾಗ ಅಂದಿನ ಎರಡು ತೇಪೆ ಹಾಗೇ ಇದ್ದವು, ಅಂಚು ಒಂದಿಷ್ಟೂ ಎದ್ದಿರಲಿಲ್ಲ. ನನ್ನಿಂದ ಆಗಲಿಲ್ಲ. ದಸ್ತಗೀರಸಾಬ ಎಂದು ಬಿಜಾಪುರದ ಕಡೆಯವನೊಬ್ಬ ಇದ್ದಾನೆ, ನನ್ನ ಕೈಯಿಂದ ಚೂರಿ ಇಸಿದುಕೊಂಡು ಅವನು ಕೊಯ್ದ.

ಲಿಂಗವನ್ನು ಯಾರ ಕೈಯಲ್ಲಿ ಕಳಿಸಲಿ, ಅಷ್ಟು ಹೇಳಿರಿ. ನಿಮ್ಮವರೇ ಯಾರಾದರೂ ಬಂದು ಒಯ್ಯಲಿ.

ಬಂದೇನವಾಜ


ಹುಬ್ಬಳ್ಳಿ
೨೨ ನವೆಂಬರ್ ೧೯೪೨

ಬಂದೇನವಾಜನಿಗೆ,

ಬರೆಯಲಿಲ್ಲ, ಯಾಕೆಂದರೆ ಸಿಟ್ಟಿತ್ತು. ಸುಟ್ಟವರ ಮೇಲೆ, ಸುಳ್ಳು ಬರೆದ ನಿನ್ನ ಮೇಲೆ, ಲಿಂಗ ಬಿಚ್ಚಿ ಕೊಟ್ಟ ಅವನ ಮೇಲೆ. ಮುಚ್ಚಿಡುವುದಿಲ್ಲ, ನೀನು ಬದುಕಿದ್ದೀ ಎಂದೂ ಸಿಟ್ಟು ಬಂತು. ಒಂದು ದಿನ ನಿಮ್ಮವ್ವನ ಜೊತೆ ಜಗಳ ಆಡಲೆಂದೇ ನಿಮ್ಮ ಮನೆಗೆ ಹೋದೆ. ಮದೀನಾಬಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಮೊರವನ್ನು ಸರಿಸಿ ಜಾಗ ಮಾಡಿದಳು. ಕೂತೆ. ಇಬ್ಬರೂ ಅಕ್ಕಿ ಆರಿಸಿದೆವು. ಜಗಳ ಆಗಲಿಲ್ಲ.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಸುಟ್ಟದ್ದು, ಮಾಸ್ತರರು ತಪ್ಪು ಓದಿದ್ದು, ಲಿಂಗ ಎಲ್ಲಿದೆ ಎಂಬುದು. ಬೈಯುತ್ತಾರೆ, ಮೈಲಿಗೆ ಎನ್ನುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಇವರು ರುಮಾಲು ಬಿಚ್ಚಿ ಕೆಳಗಿಟ್ಟರು. ಆಮೇಲೆ ಹೇಳಿದರು, "ನೀ ಹೊಟ್ಟ್ಯಾಗ ಹೊತ್ತಿ, ಅಂವ ಕೊಳ್ಳಾಗ ಹೊತ್ತಾನ. ನಾ ಏನೂ ಹೊರಲಿಲ್ಲ. ಕರಸು ಆ ಹುಡುಗನ್ನ."

ಆ ಲಿಂಗಕ್ಕೇ ಇಲ್ಲಿ ಮಣ್ಣು ಕೊಡುತ್ತೇವೆ ಎಂದಾಗ ಮಠದ ಅಯ್ಯನವರು ಮೊದಲು ತಕರಾರು ತೆಗೆದರು. ದೇಹವಿಲ್ಲದೆ ಏನನ್ನು ಕೂರಿಸುತ್ತೀರಿ ಎಂದರು. ಇವರು ಅವರ ಕಾಲು ಹಿಡಿದರು. ಇವರು ಯಾರ ಕಾಲನ್ನಾದರೂ ಹಿಡಿದದ್ದನ್ನು ಈ ಮನೆಗೆ ಬಂದ ಮೇಲೆ ನಾನು ಕಂಡಿರಲಿಲ್ಲ. ಅಯ್ಯನವರು ಒಪ್ಪಿದ್ದಾರೆ. ಮಾವನವರ ಪಕ್ಕದಲ್ಲಿ ಜಾಗ ಗುರುತು ಹಾಕಿದ್ದೇವೆ.

ಲಿಂಗವನ್ನು ಟಪಾಲಿನಲ್ಲಿ ಕಳಿಸಬೇಡ, ಯಾರ ಕೈಗೂ ಕೊಡಬೇಡ. ನಮ್ಮವರು ಯಾರೂ ಒಯ್ಯಲು ಬರುವುದಿಲ್ಲ. ನೀನೇ ಮೈಮೇಲೆ ಹಾಕಿಕೊಂಡು ಬಾ. ಅಲ್ಲಿಯ ತನಕ ದಿನಾ ಬೆಳಿಗ್ಗೆ ನೀರು ಹನಿಸಿ, ಒಂದು ಎಲೆ ಏರಿಸು. ಮಂತ್ರ ಬೇಕಾಗಿಲ್ಲ, ಅವನ ಹೆಸರು ಹೇಳು ಸಾಕು.

ಅವನ ಎಡ ಅಂಗೈಯಲ್ಲಿ ನಾನೇ ಇಟ್ಟೆ ಎಂದು ನೀನು ನನಗೆ ಬರೆದಿದ್ದೆ. ಬಂದು ಇಡು. ಕುಣಿಯೊಳಗೆ ಇಳಿಯುವವನು ನೀನೇ ಆಗಬೇಕು. ಇವರು ಮೇಲೆ ನಿಂತು ಮಣ್ಣು ಹಾಕುತ್ತಾರೆ. ಮದೀನಾಬಿಯೂ ನಾನೂ ಪಕ್ಕದಲ್ಲಿ ನಿಲ್ಲುತ್ತೇವೆ. ಅಷ್ಟಾದರೆ ನಾನು ಅಳಬಹುದು. ನಾನು ಇನ್ನೂ ಅತ್ತಿಲ್ಲ, ಬಂದೇನವಾಜ. ಲಗೂ ಬಾ.

ಚನ್ನಬಸವ್ವ